ಜೀವಶಾಸ್ತ್ರದ ಮಾಸ್ತರರ ‘ಖಾಲಿ’ ವರ್ಷಗಳು

ಜೂನ್ ಬಂತೆಂದರೆ ನಮ್ಮ ಕಡೆ ಹೈಸ್ಕೂಲು, ಪಿಯು ಕಾಲೇಜುಗಳ ಆಫೀಸಿನ ಮುಂದೆ ಅತಿಥಿ ಶಿಕ್ಷಕರ ಅರ್ಜಿ ಹಿಡಿದವರು ಕಾಣತೊಡಗುತ್ತಾರೆ. ಪ್ಲಾಸ್ಟಿಕ್ ಫೈಲಿನೊಳಗೆ ಬಿ.ಎಸ್ಸಿ., ಬಿ.ಇಡಿ. ಅಂಕಪಟ್ಟಿಗಳು, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಆಗಿದ್ದರೆ ಅದರ ಝೆರಾಕ್ಸು. ಅರ್ಜಿಯಲ್ಲಿ ‘ಬೋಧನಾ ಅನುಭವ’ ಎಂಬ ಒಂದು ಕಾಲಂ ಇರುತ್ತದೆ. ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಓದಿದವರು ಅದರ ಮುಂದೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂಡುತ್ತಾರೆ. ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಎರಡು ಸೀಸನ್, ಬೀಜದ ಕಂಪನಿಯಲ್ಲಿ ಒಂದು ವರ್ಷ, ಮತ್ತೊಂದಿಷ್ಟು ದಿನ ಔಷಧ ಕಂಪನಿಯ ಎಂ.ಆರ್. (ಮೆಡಿಕಲ್ ರೆಪ್ರೆಸೆಂಟೇಟಿವ್) ಆಗಿ ಬ್ಯಾಗು ಹೊತ್ತದ್ದು. ಇದರಲ್ಲಿ ಯಾವುದೂ ಬೋಧನೆಯಲ್ಲ. ಕಡೆಗೆ ‘ಇಲ್ಲ’ ಎಂದು ಬರೆದು ಮುಗಿಸುತ್ತಾರೆ. ಯಾರಾದರೂ ಕೇಳಿದರೆ, ‘ನಡುವ ಸ್ವಲ್ಪ ಗ್ಯಾಪ್ ಆಗೇತ್ರಿ ಸರ’ ಎಂದು ತಾವೇ ತಪ್ಪು ಮಾಡಿದವರಂತೆ ಹೇಳುತ್ತಾರೆ. ಪಠ್ಯಪುಸ್ತಕದ ಅರ್ಧ ಪಾಠಗಳನ್ನು ಕೈಯಾರೆ ಮಾಡಿ ಬಂದದ್ದು ಆ ‘ಗ್ಯಾಪ್’ ಒಳಗೇ. ಅದನ್ನು ಖಾಲಿ ಎಂದು ಯಾರು ಕರೆದರೋ ಗೊತ್ತಿಲ್ಲ, ಕರೆಸಿಕೊಂಡವರೂ ನಂಬಿಬಿಟ್ಟಿದ್ದಾರೆ.

ಈ ದಾರಿ ಇಷ್ಟು ಸುತ್ತುವುದಕ್ಕೆ ಕಾರಣಗಳು ಎಲ್ಲರಿಗೂ ಗೊತ್ತಿರುವವೇ. ಮೆಡಿಕಲ್, ಅಗ್ರಿ, ವೆಟರ್ನರಿ ಸೀಟು ತಪ್ಪಿದವರು ಸಿಬಿಝಡ್‌ಗೆ ಬರುತ್ತಾರೆ. ಬಿ.ಇಡಿ. 2015ರಿಂದ ಎರಡು ವರ್ಷದ್ದಾಗಿದೆ. ನೇಮಕಾತಿ ಬರುವುದು ಯಾವಾಗಲೋ ಒಮ್ಮೆ. ಮನೆಯವರು ಅಲ್ಲಿಯವರೆಗೆ ಸುಮ್ಮನೆ ಕೂಡಲು ಬಿಡುವುದಿಲ್ಲ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ, ವಿಜಯಪುರದಲ್ಲಿ ದ್ರಾಕ್ಷಿ, ದಾಳಿಂಬೆ, ಲಿಂಬೆಯ ತೋಟಗಳಿವೆ. ಬೀಜ, ಔಷಧ, ಹನಿ ನೀರಾವರಿಯ ಕಂಪನಿಗಳಿಗೆ ಸಿಬಿಝಡ್ ಹುಡುಗರು ಬೇಕು. ಹಾಗಾಗಿ ನಮ್ಮ ಸೀಮೆಯ ಬಯಾಲಜಿ ಮಾಸ್ತರು ಶಾಲೆಗೆ ಬರುವ ಮೊದಲು ಒಂದೆರಡು ಹೊಲ, ಒಂದು ಕಾರ್ಖಾನೆ ದಾಟಿಯೇ ಬಂದಿರುತ್ತಾರೆ. ಬಂದಮೇಲೂ ಓದಿದ್ದೇ ಕಲಿಸುತ್ತಾರೆಂದಿಲ್ಲ. ಹೈಸ್ಕೂಲಿನಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರ ಜಾಗ ಖಾಲಿಯಿದ್ದರೆ ಬೆಳಕಿನ ವಕ್ರೀಭವನವೂ ಇವರ ತಲೆಗೇ. ಪಿಯುದಲ್ಲಿ ಎಂ.ಎಸ್ಸಿ. ಬಾಟನಿ ಮಾಡಿದವರು ಮೂತ್ರಪಿಂಡದ ನೆಫ್ರಾನ್ ಬಿಡಿಸಬೇಕು, ಝೂವಾಲಜಿಯವರು ಎಲೆಯ ಅಂಗರಚನೆ ಕಲಿಸಬೇಕು. ಪುಸ್ತಕದ ಅರ್ಧ ಭಾಗ ಯಾವತ್ತೂ ಇನ್ನೊಬ್ಬರದೇ.

ಹತ್ತಿ ಪ್ಲಾಟಿನ ಪಾಠ

ದ್ವಿತೀಯ ಪಿಯುದಲ್ಲಿ ಹೂಬಿಡುವ ಸಸ್ಯಗಳ ಸಂತಾನೋತ್ಪತ್ತಿಯ ಅಧ್ಯಾಯವಿದೆ. ಕೃತಕ ಸಂಕರಣದ ಬಗ್ಗೆ ಅಲ್ಲಿರುವುದು ಕೆಲವೇ ಸಾಲು: ಪರಾಗಕೋಶ ತೆಗೆಯಬೇಕು, ಚೀಲ ಕಟ್ಟಬೇಕು, ಬೇಕಾದ ಪರಾಗ ಹಚ್ಚಬೇಕು, ಮತ್ತೆ ಚೀಲ ಕಟ್ಟಬೇಕು. ಬಹಳಷ್ಟು ಕಡೆ ಇದು ಓದಿಸಿ ದಾಟಿಸುವ ಪಾಠ. ಬೀಜದ ಕಂಪನಿಯಲ್ಲಿ ಫೀಲ್ಡ್ ಸೂಪರ್‌ವೈಸರ್ ಆಗಿದ್ದವರಿಗೆ ಮಾತ್ರ ಇದು ಸಾಲಲ್ಲ, ಒಂದು ಇಡೀ ಸೀಸನ್. ಹೈಬ್ರಿಡ್ ಹತ್ತಿ ನಮ್ಮ ಸೀಮೆಗೆ ಹೊಸದೂ ಅಲ್ಲ. 1970ರಲ್ಲಿ ಗುಜರಾತಿನಿಂದ ಎಚ್-4 ಬಂದಮೇಲೆ, 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ, ಆಮೇಲೆ ಡಿಸಿಎಚ್-32 ಎಂಬ ಜಯಲಕ್ಷ್ಮಿ ಬಂದವು. ಇವೆಲ್ಲ ಕೈಯಿಂದಲೇ ಕ್ರಾಸಿಂಗ್, ಅಂದರೆ ಸಂಕರಣ, ಮಾಡಿ ತೆಗೆದ ಬೀಜಗಳು, ಒಂದೊಂದು ಕಾಯಿಯ ಹಿಂದೆ ಒಂದೊಂದು ಹೆಬ್ಬೆರಳು.

ಕೆಲಸದ ಕ್ರಮ ಹೀಗೆ. ನಾಳೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನದ ಮೇಲೆ ಗುರುತಿಸಬೇಕು. ಅದರ ಎಸಳು ಉಬ್ಬಿ, ಹೊರಗಿನ ಹಸಿರು ಪತ್ರಗಳ ನಡುವಿನಿಂದ ಕೆನೆಬಣ್ಣದ ತುದಿ ಚಾಚಿರುತ್ತದೆ. ಎಸಳು ಶುರುವಾಗುವ ಬುಡದಲ್ಲಿ ಹೆಬ್ಬೆರಳಿನ ಉಗುರನ್ನು ಹಗುರಕ್ಕೆ ಇಳಿಸಿ ಸುತ್ತಲೂ ತಿರುವಿದರೆ ಎಸಳುಗಳೂ ಅವುಗಳಿಗೆ ಅಂಟಿದ ಪುಂಕೇಸರದ ಕೊಳವೆಯೂ ಒಟ್ಟಿಗೇ ಕಳಚಿ ಬರುತ್ತವೆ. ಒಳಗೆ ಬಿಳಿ ಶಲಾಕೆ, ಅದರ ಕೆಳಗೆ ಅಂಡಾಶಯ ಮಾತ್ರ ಉಳಿಯಬೇಕು. ಉಗುರು ಒಂದು ಕೂದಲಿನಷ್ಟು ಆಳ ಹೋದರೂ ಅಂಡಾಶಯಕ್ಕೆ ಗಾಯವಾಗಿ ನಾಲ್ಕೈದು ದಿನದಲ್ಲಿ ಕಾಯಿ ಉದುರುತ್ತದೆ. ಮೇಲೆಯೇ ನಿಂತರೆ ಪರಾಗಕೋಶದ ಒಂದೆರಡು ಕಾಳು ಉಳಿದುಬಿಡುತ್ತವೆ, ಆಗ ಹೂವು ತನ್ನ ಪರಾಗಕ್ಕೆ ತಾನೇ ಕಟ್ಟಿಕೊಳ್ಳುತ್ತದೆ. ಈ ಎರಡನೆಯ ತಪ್ಪು ಹೊಲದಲ್ಲಿ ಕಾಣುವುದೇ ಇಲ್ಲ. ಕಾಯಿ ಚೆನ್ನಾಗಿ ಬಲಿಯುತ್ತದೆ, ಬೀಜವೂ ತೂಗುತ್ತದೆ. ಮುಂದೆ ಆ ಲಾಟಿನ ಮಾದರಿ ಬಿತ್ತಿ ಗ್ರೋ-ಔಟ್ ಟೆಸ್ಟ್ ಮಾಡಿದಾಗ ತಾಯಿ ಗಿಡದಂಥವೇ ಎದ್ದು ನಿಂತು ಲಾಟು ಪೂರ್ತಿ ತಿರಸ್ಕೃತವಾಗುತ್ತದೆ.

ಕಳಚಿದ ಹೂವಿಗೆ ಬಣ್ಣದ ಕಾಗದದ ಸಣ್ಣ ಚೀಲ ತೊಡಿಸುತ್ತಾರೆ. ಪರಾಗ ತಡೆಯುವುದರ ಜೊತೆಗೆ ಮರುದಿನ ಬೆಳಿಗ್ಗೆ ಎಲೆಗಳ ನಡುವೆ ಅದು ಬೇಗ ಕಣ್ಣಿಗೆ ಬೀಳಲಿ ಎಂಬ ಲೆಕ್ಕವೂ ಇದೆ. ಬೆಳಿಗ್ಗೆ ಇಬ್ಬನಿ ಆರಿ, ಗಂಡು ಸಾಲಿನ ಹೂಗಳಲ್ಲಿ ಪರಾಗ ಬಿಚ್ಚಿದ ಮೇಲೆ ಹಚ್ಚುವ ಕೆಲಸ. ಒಂದು ಗಂಡು ಹೂವು ನಾಲ್ಕೈದು ಹೆಣ್ಣು ಹೂಗಳಿಗೆ ಸಾಕು. ಶಲಾಕಾಗ್ರದ ಸುತ್ತಲೂ ಹತ್ತಬೇಕು, ಒಂದೇ ಮಗ್ಗುಲಿಗೆ ಹತ್ತಿದರೆ ಕಾಯಿಯ ಒಂದು ಹೋಳಿನಲ್ಲಿ ಬೀಜ ಕಡಿಮೆಯಾಗಿ ಕಾಯಿ ಸೊಟ್ಟಗೆ ಬೆಳೆಯುತ್ತದೆ. ಮಳೆ ಬಂದರೆ ಆ ದಿನದ ಕೆಲಸ ಹಾಳು, ಹತ್ತಿಯ ಪರಾಗದ ಕಣ ನೀರು ಕುಡಿದು ಒಡೆಯುತ್ತದೆ. ಹಚ್ಚಿದ ಹೂವಿನ ತೊಟ್ಟಿಗೆ ದಾರ. ಸುಗ್ಗಿಯಲ್ಲಿ ದಾರವಿದ್ದ ಕಾಯಿ ಮಾತ್ರ ಬೀಜಕ್ಕೆ, ಉಳಿದದ್ದು ಮಾಮೂಲಿ ಹತ್ತಿಗೆ.

ಇಂಥ ಮಾಸ್ತರರ ತರಗತಿ ನೋಡಬೇಕು. ಹೊಲದಿಂದ ಮೊಗ್ಗು ತರಿಸಿ ಬೆಂಚಿಗೆ ನಾಲ್ಕರಂತೆ ಹಂಚಿರುತ್ತಾರೆ. ಮುಂದಿನ ಬೆಂಚಿನ ಹುಡುಗರು ಚಿಮಟ ಹಿಡಿದು ಒಂದೊಂದೇ ಪರಾಗಕೋಶ ಕೀಳಲು ಹೋಗಿ ಶಲಾಕೆಯನ್ನೇ ಮುರಿದಿರುತ್ತಾರೆ. ಹಿಂದಿನ ಬೆಂಚಿನಿಂದ ಒಂದು ಹುಡುಗಿ, ‘ಚಿಮಟಾ ಬ್ಯಾಡ್ರಿ ಸರ, ಉಗುರ್ಲೇ ಆಕ್ಕೈತ್ರಿ’ ಎನ್ನುತ್ತಾಳೆ. ಒಂದೇ ತಿರುವಿಗೆ ಎಸಳು ಕಳಚಿ ಅಂಗೈ ಮೇಲೆ ಇಡುತ್ತಾಳೆ. ಅವಳ ಅವ್ವ ಬೀಜದ ಹತ್ತಿಯ ಪ್ಲಾಟಿಗೆ ಹೋಗುತ್ತಾಳೆ, ರಜೆಯಲ್ಲಿ ಇವಳೂ ಹೋಗಿದ್ದಾಳೆ. ಪುಂಕೇಸರಗಳು ಕೂಡಿ ಕೊಳವೆಯಾಗಿರುವುದು, ಆ ಕೊಳವೆ ಎಸಳಿನ ಬುಡಕ್ಕೆ ಅಂಟಿರುವುದು, ಇದೇ ಗುಣ ದಾಸವಾಳಕ್ಕೂ ಬೆಂಡಿಗೂ ಇರುವುದು, ಎಲ್ಲವೂ ಆ ಅಂಗೈ ಮೇಲಿದೆ. ಮಾಸ್ತರು ಹೆಸರುಗಳನ್ನು ಹೇಳಿದರಾಯಿತು. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಬೀಜದ ಹತ್ತಿ ಬೆಳೆಯುವ ಊರುಗಳಲ್ಲಿ ಕ್ರಾಸಿಂಗ್ ಸೀಸನ್ನಿನಲ್ಲಿ ಹೆಣ್ಣುಮಕ್ಕಳ ಹಾಜರಿ ಇಳಿಯುವುದಕ್ಕೂ ಇದೇ ಹೆಬ್ಬೆರಳು ಕಾರಣ. ಪ್ಲಾಟು ಕಂಡು ಬಂದ ಮಾಸ್ತರರಿಗೆ ಅದು ತಿಳಿದಿರುತ್ತದೆ. ಆ ಮಕ್ಕಳ ಮನೆಗೆ ಮೊದಲು ಹೋಗಿ ಮಾತಾಡುವವರೂ ಸಾಮಾನ್ಯವಾಗಿ ಅವರೇ.

ಕಬ್ಬಿನ ತುದಿ, ಕಬ್ಬಿನ ಬುಡ

ಕಾರ್ಖಾನೆಯ ಲ್ಯಾಬಿನ ಕೆಲಸ ಕೇಳುವುದಕ್ಕೆ ಬೇಸರದ್ದು. ಸೀಸನ್ ಶುರುವಾದರೆ ಪಾಳಿಯ ಮೇಲೆ ಬ್ರಿಕ್ಸ್ (ರಸದಲ್ಲಿ ಕರಗಿದ ಒಟ್ಟು ಘನಾಂಶ), ಪೋಲ್ (ಅದರಲ್ಲಿನ ಸಕ್ಕರೆ), ಪ್ಯೂರಿಟಿ (ಎರಡರ ಅನುಪಾತ) ಅಳೆಯುವುದು. ಸೀಸನ್ ಮುಗಿದರೆ ಕೆಲಸವೂ ಮುಗಿಯಿತು. ಆದರೆ ಅಲ್ಲಿ ಕೈಗೆ ಹತ್ತುವ ಒಂದು ಸಾಧನ ತರಗತಿಗೆ ಬಹಳ ಲಾಭದ್ದು, ಕೈಯಲ್ಲಿ ಹಿಡಿದು ನೋಡುವ ರಿಫ್ರಾಕ್ಟೋಮೀಟರ್. ಗಾಜಿನ ಪ್ರಿಸಮ್ ಮೇಲೆ ಎರಡು ಮೂರು ಹನಿ ರಸ, ಮೇಲೆ ಮುಚ್ಚಳ, ಬೆಳಕಿನ ಕಡೆ ಹಿಡಿದರೆ ನೀಲಿಗೂ ಬಿಳಿಗೂ ನಡುವಿನ ಗೆರೆ ಎಲ್ಲಿ ನಿಂತಿದೆಯೋ ಅದೇ ಬ್ರಿಕ್ಸ್. ಒಂದೇ ಕಬ್ಬಿನ ಬುಡದ ಗಣ್ಣು, ನಡುವಿನದು, ತುದಿಯದು, ಮೂರರ ರಸವನ್ನೂ ಬೇರೆ ಬೇರೆ ನೋಡಿಸಬೇಕು. ಎಳೆಯ ಕಬ್ಬಿನಲ್ಲಿ ಬುಡಕ್ಕೂ ತುದಿಗೂ ಬಹಳ ಅಂತರ ಇರುತ್ತದೆ. ಬಲಿತಂತೆ ಅಂತರ ಕರಗಿ ತುದಿಯೂ ಬುಡಕ್ಕೆ ಸಮವಾಗುತ್ತ ಬರುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆ ಫ್ಲೋಯಮ್ ಎಂಬ ಆಹಾರ ಸಾಗಿಸುವ ಅಂಗಾಂಶದ ಮೂಲಕ ಇಳಿದು ಕೆಳಗಿನ ಗಣ್ಣುಗಳಲ್ಲಿ ಮೊದಲು ಶೇಖರವಾಗುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಎಷ್ಟು ಬಾಣ ಹಾಕಿದರೂ ಇಷ್ಟು ಸಲೀಸಾಗಿ ತೋರಿಸಲು ಬಾರದು. ಇದರ ಅರ್ಥ ಮಕ್ಕಳಿಗೂ ಗೊತ್ತು. ತುದಿ ಸಪ್ಪೆ ಎಂದು ಕಡಿದು ದನಕ್ಕೆ ಹಾಕುವವರೇ ಅವರು.

ತಪ್ಪುವುದು ಸಣ್ಣ ವಿಷಯಗಳಲ್ಲಿ. ಪ್ರಿಸಮ್ ತೊಳೆದು ಒರೆಸದೆ ಹನಿ ಹಾಕಿದರೆ ಓದು ಕಡಿಮೆ ಬರುತ್ತದೆ. ರಸ ಬಿಸಿಲಲ್ಲಿ ಐದು ನಿಮಿಷ ಇದ್ದರೆ ನೀರು ಆರಿ ಓದು ಹೆಚ್ಚಾಗುತ್ತದೆ. ಸಾಧನದ ಸೊನ್ನೆಯನ್ನು ಡಿಸ್ಟಿಲ್ಡ್ ವಾಟರ್‌ನಿಂದಲೇ ಕೂಡಿಸಬೇಕು. ಬೋರ್‌ವೆಲ್ ನೀರಿನಲ್ಲಿ ಕರಗಿದ ಲವಣಗಳಿರುತ್ತವೆ. ಇನ್ನು ಉಷ್ಣಾಂಶ: ಮಾಪನ 20 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದ್ದು. 30 ಡಿಗ್ರಿಯಲ್ಲಿ ಅದು ಸುಮಾರು ಮುಕ್ಕಾಲು ಬ್ರಿಕ್ಸ್ ಕಡಿಮೆ ತೋರಿಸುತ್ತದೆ, ನಮ್ಮ ಮಾರ್ಚ್ ತಿಂಗಳ ಮಧ್ಯಾಹ್ನದಲ್ಲಿ ಇನ್ನೂ ಕಡಿಮೆ. ತಾನಾಗಿ ಸರಿಪಡಿಸಿಕೊಳ್ಳುವ ಮಾದರಿಗಳೂ ಸಿಗುತ್ತವೆ, ಹಳೆಯದಾದರೆ ಕೋಷ್ಟಕ ನೋಡಿ ಕೂಡಿಸಬೇಕು. ಲ್ಯಾಬಿನಿಂದ ಬಂದ ಮಾಸ್ತರು ಓದಿನ ಪಕ್ಕದಲ್ಲೇ ಉಷ್ಣಾಂಶ ಬರೆಸುತ್ತಾರೆ. ಬಿ.ಇಡಿ. ಪಾಠಯೋಜನೆಯಲ್ಲಿ ಇದಕ್ಕೆ ಜಾಗವಿಲ್ಲ, ವಿಜ್ಞಾನ ಎಂದು ನಾವು ಕರೆಯುವುದರ ದೊಡ್ಡ ಪಾಲು ಮಾತ್ರ ಇಂಥದ್ದರಲ್ಲೇ ಇದೆ.

‘ಸರ, ನನಗ ಏನೂ ಕಾಣವಲ್ದು’

ಪಿಯು ಪ್ರಾಕ್ಟಿಕಲ್ಲಿಗೆ 30 ಅಂಕ. ಅದರಲ್ಲಿ ಎಲ್ಲರನ್ನೂ ಗೋಳು ಹೊಯ್ದುಕೊಳ್ಳುವ ಪ್ರಯೋಗ ಉಳ್ಳಾಗಡ್ಡಿಯ ಬೇರಿನ ತುದಿಯಲ್ಲಿ ಕೋಶ ವಿಭಜನೆ ನೋಡುವುದು. ವಿಜಯಪುರ, ಬಾಗಲಕೋಟೆಯಲ್ಲಿ ಉಳ್ಳಾಗಡ್ಡಿಗೆ ಬರ ಇಲ್ಲ, ಬರ ಇರುವುದು ಕಾಣುವ ಸ್ಲೈಡಿಗೆ. ಒಣ ಸಿಪ್ಪೆ ಸುಲಿದು, ಹಳೆಯ ಒಣ ಬೇರುಗಳನ್ನು ಬ್ಲೇಡಿನಿಂದ ಹೆರೆದು, ಬುಡ ಮಾತ್ರ ನೀರಿಗೆ ತಾಗುವಂತೆ ಗ್ಲಾಸಿನ ಮೇಲೆ ಕೂಡಿಸಬೇಕು. ಮೂರರಿಂದ ಆರು ದಿನದಲ್ಲಿ ಬೇರು ಬರುತ್ತವೆ. ಬೇಸಿಗೆಯಲ್ಲಿ ಲ್ಯಾಬಿನ ಕಿಟಕಿಯ ಬಳಿ ಇಟ್ಟರೆ ನೀರು ಕಾದು, ಕೊಳೆತು, ಬೇರಿನ ತುದಿ ಕಂದಾಗುತ್ತದೆ. ಕುಡಿಯುವ ನೀರಿನ ಹರವಿಯ ಪಕ್ಕದ ತಂಪಿನಲ್ಲಿಟ್ಟು ದಿನಕ್ಕೆ ಎರಡು ಸಲ ನೀರು ಬದಲಿಸಿದರೆ ತುದಿ ಬೆಳ್ಳಗೆ ಉಳಿಯುತ್ತದೆ. ಬೆಳಿಗ್ಗೆ 8ರಿಂದ 10ರೊಳಗೆ ಎರಡು ಮೂರು ಸೆಂಟಿಮೀಟರ್ ಕತ್ತರಿಸಿ, ಒಂದು ಪಾಲು ಗ್ಲೇಷಿಯಲ್ ಅಸಿಟಿಕ್ ಆಮ್ಲಕ್ಕೆ ಮೂರು ಪಾಲು ಆಲ್ಕೋಹಾಲ್ ಬೆರೆಸಿದ ದ್ರಾವಣದಲ್ಲಿ 24 ತಾಸು ಇಟ್ಟು, ಆಮೇಲೆ 70 ಪರ್ಸೆಂಟ್ ಆಲ್ಕೋಹಾಲಿಗೆ ದಾಟಿಸಬೇಕು. ದ್ರಾವಣ ಅವತ್ತೇ ಬೆರೆಸಿದ್ದಾಗಿರಬೇಕು. ಹೋದ ವರ್ಷ ಬೆರೆಸಿದ ಬಾಟಲಿಯಲ್ಲಿ ಆಮ್ಲ, ಆಲ್ಕೋಹಾಲ್ ಕೂಡಿ ಈಥೈಲ್ ಅಸಿಟೇಟ್ ಆಗುತ್ತ ಹೋಗಿರುತ್ತದೆ, ಕೋಶಗಳು ಇದ್ದ ಸ್ಥಿತಿಯಲ್ಲೇ ನಿಲ್ಲುವುದಿಲ್ಲ. ಬಾಟಲಿಯ ಮೇಲೆ ತಾರೀಖು ಬರೆಯುವ ಚಾಳಿ ಇದ್ದವರಿಗೆ ಈ ತೊಂದರೆಯೇ ಬರುವುದಿಲ್ಲ.

ಉಳಿದ ತಪ್ಪುಗಳೆಲ್ಲ ಸ್ಲೈಡಿನ ಮೇಲೆ. ಬೇರಿಗೆ ಒಂದು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ, ಎರಡು ಮೂರು ಹನಿ ಅಸಿಟೋಕಾರ್ಮಿನ್ ಬಣ್ಣ ಹಾಕಿ ಸ್ಪಿರಿಟ್ ದೀಪದ ಮೇಲೆ ಹಗುರಕ್ಕೆ ಬಿಸಿ ಮಾಡಬೇಕು. ಕುದಿಸಬಾರದು. ಕುದಿಸಿದರೆ ಬಣ್ಣ ಒಣಗಿ ಕಪ್ಪು ಸೂಜಿಯಂಥ ಕಣಗಳಾಗುತ್ತವೆ, ಮಕ್ಕಳು ಅವನ್ನೇ ಕ್ರೋಮೋಸೋಮ್ ಎಂದು ಬಿಡಿಸುತ್ತಾರೆ. ಐದಾರು ನಿಮಿಷದ ಮೇಲೆ ಹೆಚ್ಚು ಕೆಂಪಾದ ತುದಿಯ ಎರಡು ಮೂರು ಮಿಲಿಮೀಟರ್ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಿಸಾಡಬೇಕು. ಎಷ್ಟೋ ಮಂದಿ ತುದಿ ಬಿಸಾಡಿ ಉಳಿದದ್ದನ್ನು ಇಟ್ಟುಕೊಳ್ಳುತ್ತಾರೆ. ಕವರ್ ಸ್ಲಿಪ್ ಹಾಕಿ, ಫಿಲ್ಟರ್ ಪೇಪರಿನ ಮಡಿಕೆಯಲ್ಲಿಟ್ಟು ಹೆಬ್ಬೆರಳಿನಿಂದ ನೇರ ಕೆಳಗೆ ಒತ್ತಬೇಕು. ‘ಸರಳ ಒತ್ತೋ ತಮ್ಮಾ, ಹೊರಳಸಬ್ಯಾಡ’ ಎಂದು ಮಾಸ್ತರು ಪ್ರತಿ ಟೇಬಲ್ಲಿಗೂ ಹೋಗಿ ಹೇಳುವುದು ಇದಕ್ಕೇ. ಬೆರಳು ಹೊರಳಿದರೆ ಕೋಶಗಳೂ ಹೊರಳಿ ಸುರುಳಿಯಾಗುತ್ತವೆ.

ಆಮೇಲೂ ‘ಸರ, ನನಗ ಏನೂ ಕಾಣವಲ್ದು’ ಎಂಬ ದನಿ ಬಂದೇ ಬರುತ್ತದೆ. ಕಾರಣ, ಸರಿಯಾದ ಸ್ಲೈಡಿನಲ್ಲೂ ಹೆಚ್ಚಿನ ಕೋಶಗಳು ವಿಭಜನೆಯಲ್ಲಿ ಇರುವುದಿಲ್ಲ. ದುಂಡನೆಯ ಕೆಂಪು ಕೋಶಕೇಂದ್ರಗಳೇ ಸಾಲುಸಾಲು. ಪುಸ್ತಕದ ಚಿತ್ರದಲ್ಲಿ ನಾಲ್ಕು ಹಂತಗಳು ಅಕ್ಕಪಕ್ಕ ನಿಂತಿರುವುದರಿಂದ ಸ್ಲೈಡಿನಲ್ಲೂ ಹಾಗೇ ಕಾದು ಕೂತಿರುತ್ತವೆ ಎಂದು ಮಕ್ಕಳು ತಿಳಿಯುತ್ತಾರೆ. ಮೊದಲು ಸಣ್ಣ ಲೆನ್ಸಿನಲ್ಲಿ ಸ್ಲೈಡಿನ ಈ ತುದಿಯಿಂದ ಆ ತುದಿಯವರೆಗೆ ಹುಡುಕಿಸಬೇಕು. ಅಡ್ಡಗೆರೆಯಂತೆ ಸಾಲಾಗಿ ನಿಂತ ಕ್ರೋಮೋಸೋಮುಗಳು ಸಿಕ್ಕಮೇಲೆ ದೊಡ್ಡ ಲೆನ್ಸು. ಉಳ್ಳಾಗಡ್ಡಿಯವು 16, ಗಾತ್ರದಲ್ಲೂ ದೊಡ್ಡವು. ಚೆನ್ನಾಗಿ ಒತ್ತಿದ ಸ್ಲೈಡಿನಲ್ಲಿ ಎಣಿಸುವುದಕ್ಕೂ ಬರುತ್ತದೆ.

ಹೊತ್ತು ತರಬಾರದ್ದು

ಎಲ್ಲ ಸುತ್ತು ದಾರಿಯೂ ಲಾಭದ್ದೇ ಎಂದು ಹೇಳಲಾರೆ. ಎಂ.ಆರ್. ಕೆಲಸದಿಂದ ಬರುವುದು ಮುಖ್ಯವಾಗಿ ಮಾತಿನ ಧೈರ್ಯ. ಅದು ಒಳ್ಳೆಯದೇ, ಜೊತೆಗೆ ಗೊತ್ತಿಲ್ಲದ್ದನ್ನೂ ಗೊತ್ತಿದ್ದಂತೆ ಹೇಳುವ ಅಭ್ಯಾಸವೂ ಅಂಟುತ್ತದೆ. ಕೀಟನಾಶಕ ಕಂಪನಿಯಿಂದ ಬಂದವರನ್ನು ಪಾಲಕರು ಶಾಲೆಯ ಗೇಟಿನಲ್ಲೇ ಹಿಡಿದು ‘ಏನ ಹೊಡೀಬೇಕ್ರೀ’ ಎಂದು ಕೇಳುತ್ತಾರೆ, ಇವರೂ ಹೇಳಿಬಿಡುತ್ತಾರೆ. ದಾಳಿಂಬೆಯ ದುಂಡಾಣು ಅಂಗಮಾರಿಗೆ ಬರೀ ಶಿಲೀಂಧ್ರನಾಶಕ ಹೊಡೆದು ಹಣ ಕಳೆದುಕೊಂಡ ರೈತರು ನಮ್ಮ ಕಡೆ ಎಷ್ಟೋ ಮಂದಿ. ಮಾಸ್ತರು ಹೇಳಬೇಕಾದದ್ದು ಔಷಧದ ಹೆಸರಲ್ಲ, ಅವರ ಬಳಿ ಇರುವುದು ಮೈಕ್ರೋಸ್ಕೋಪು. ಎಣ್ಣೆ ಹತ್ತಿದಂತೆ ಕಾಣುವ ಚುಕ್ಕೆಯ ಅಂಚಿನಿಂದ ತೆಳ್ಳಗೆ ಒಂದು ತುಂಡು ಕೊಯ್ದು, ನೀರಿನ ಹನಿಯಲ್ಲಿಟ್ಟು, ಕವರ್ ಸ್ಲಿಪ್ ಹಾಕಿ ಸಣ್ಣ ಲೆನ್ಸಿನಲ್ಲಿ ನೋಡಿದರೆ, ದುಂಡಾಣುವಾಗಿದ್ದರೆ ಕೊಯ್ದ ಅಂಚಿನಿಂದ ಹೊಗೆ ಎದ್ದಂತೆ ಒಂದು ಧಾರೆ ಹರಿಯುತ್ತದೆ. ಶಿಲೀಂಧ್ರವಾದರೆ ಧಾರೆ ಇಲ್ಲ, ಎಳೆಗಳು ಸಿಗಬಹುದು. ಇಷ್ಟನ್ನು ತೋರಿಸಿ, ಮುಂದಿನದಕ್ಕೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಕಡೆಗೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಕಳಿಸುವುದು ಮಾಸ್ತರರ ಕೆಲಸ.

ನನ್ನ ಮಟ್ಟಿಗೆ ಹೆಚ್ಚು ಕೆಡಿಸುವುದು ಕೋಚಿಂಗ್. ನೀಟ್ ಪರೀಕ್ಷೆಯ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು, 720ರಲ್ಲಿ 360 ಅಂಕ. ಹಾಗಾಗಿ ಒಳ್ಳೆಯ ಬಯಾಲಜಿ ಮಾಸ್ತರರಿಗೆ ಕೋಚಿಂಗಿನಲ್ಲಿ ಬೇಡಿಕೆ ಇದೆ, ಅತಿಥಿ ಶಿಕ್ಷಕರ ಗೌರವಧನದ ಮುಂದೆ ಅಲ್ಲಿನ ಸಂಬಳ ದೊಡ್ಡದು, ಹೋಗುವವರನ್ನು ಬೈಯುವ ಹಕ್ಕು ಯಾರಿಗೂ ಇಲ್ಲ. ಆದರೆ ಎರಡು ವರ್ಷ ಪುಸ್ತಕದ ಸಾಲುಗಳಿಗೆ ಅಡಿಗೆರೆ ಹಾಕಿಸಿ ಬಂದವರ ಕಣ್ಣು ಸಾಲಿನ ಆಚೆ ನೋಡುವುದನ್ನೇ ಬಿಟ್ಟಿರುತ್ತದೆ. ಕಿಟಕಿಯ ಹೊರಗೆ ಕಾಂಗ್ರೆಸ್ ಕಸ ಎದೆಮಟ್ಟ ಬೆಳೆದಿದ್ದರೂ ಆಕ್ರಮಣಕಾರಿ ಸಸ್ಯಕ್ಕೆ ಉದಾಹರಣೆ ಪುಸ್ತಕದಲ್ಲೇ ಹುಡುಕುತ್ತಾರೆ.

ಶಾಲೆ ಬಿಟ್ಟಮೇಲಿನ ಹವ್ಯಾಸ

ಬಯಾಲಜಿ ಮಾಸ್ತರರ ಹವ್ಯಾಸಗಳೂ ಸ್ವಲ್ಪ ಮಟ್ಟಿಗೆ ಊರವರು ಹೇರಿದವು. ಯಾರ ಮನೆಯಲ್ಲಿ ಹಾವು ಕಂಡರೂ ಇವರಿಗೆ ಫೋನು. ಇದನ್ನು ಹವ್ಯಾಸ ಮಾಡಿಕೊಳ್ಳಬಾರದು ಎಂದೇ ನನ್ನ ಖಡಾಖಂಡಿತ ಮಾತು. ನಮ್ಮ ಒಣ ಕಲ್ಲುಭೂಮಿಯಲ್ಲಿ ಗರಗಸ ಮಂಡಲ ಸಾಕಷ್ಟಿದೆ. ಗೇಣೆರಡು ಗೇಣಿನ ಹಾವು, ‘ಮರಿ ಐತಿ’ ಎಂದು ಹಗುರ ಮಾಡಿಕೊಂಡೇ ಕಚ್ಚಿಸಿಕೊಳ್ಳುತ್ತಾರೆ. ಹಾವುಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ, ಹಿಡಿಯುವುದು ತರಬೇತಿ ಆದವರ, ಅನುಮತಿ ಇದ್ದವರ ಕೆಲಸ. ಮಾಸ್ತರು ಕಲಿಸಬೇಕಾದದ್ದು ಬೇರೆ: ಕಚ್ಚಿದ ಕೈಕಾಲು ಅಲುಗಾಡದಂತೆ ಇಡುವುದು, ಬಿಗಿಯಾಗಿ ಹಗ್ಗ ಕಟ್ಟದಿರುವುದು, ಕೊಯ್ಯದಿರುವುದು, 108ಕ್ಕೆ ಕರೆ ಮಾಡಿ ನೇರ ಆಸ್ಪತ್ರೆಗೆ ಹೋಗುವುದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಔಷಧ ಇರುವುದರಿಂದ ಹಾವನ್ನು ಕೊಂದು ಆಸ್ಪತ್ರೆಗೆ ಒಯ್ಯಬೇಕಾದ ಅಗತ್ಯವೂ ಇಲ್ಲ.

ಹಕ್ಕಿ ನೋಡುವುದು ಇದಕ್ಕಿಂತ ಕ್ಷೇಮ, ಪಾಠಕ್ಕೂ ಹೆಚ್ಚು ಒದಗುತ್ತದೆ. ಗೋಕಾಕ ತಾಲೂಕಿನ ಧೂಪದಾಳದಲ್ಲಿ ಘಟಪ್ರಭಾ ಪಕ್ಷಿಧಾಮ ಇದೆ, ಬಾಗಲಕೋಟೆಯ ಸುತ್ತ ಆಲಮಟ್ಟಿಯ ಹಿನ್ನೀರು ಇದೆ. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತು, ಹಿನ್ನೀರು ಇಳಿದು ಕೆಸರು ಬಯಲಾದ ಮೇಲೆ ರಾಜಹಂಸ. ಬೆಳಿಗ್ಗೆ ಆರೂವರೆಗೆ ದಂಡೆಯಲ್ಲಿರಬೇಕು, ಸೂರ್ಯ ಬೆನ್ನ ಹಿಂದೆ ಇರುವಂತೆ ನಿಲ್ಲಬೇಕು. ಒಂಬತ್ತರ ಮೇಲೆ ಕೆಸರಿನಿಂದ ಬಿಸಿಗಾಳಿ ಎದ್ದು ದೂರದ ಹಕ್ಕಿಗಳೆಲ್ಲ ನಡುಗುವ ಚುಕ್ಕೆಗಳಾಗುತ್ತವೆ, ಎಷ್ಟು ದುಬಾರಿ ದುರ್ಬೀನಾದರೂ ಅಷ್ಟೇ. ದುರ್ಬೀನು 8×42 ಸಾಕು. ಹತ್ತು ಪಟ್ಟಿನದು ಕೈಯಲ್ಲಿ ನಡುಗುತ್ತದೆ. ದೊಡ್ಡ ಹಿಂಡನ್ನು ಒಂದೊಂದಾಗಿ ಎಣಿಸಲು ಹೋಗಬಾರದು. ಮೊದಲು ಹತ್ತು ಹಕ್ಕಿ ಎಣಿಸಿ ಅಷ್ಟು ಜಾಗ ಕಣ್ಣಲ್ಲಿ ಹಿಡಿದು, ಅಂಥ ಎಷ್ಟು ಜಾಗ ಹಿಂಡಿನಲ್ಲಿವೆ ಎಂದು ಅಳೆಯಬೇಕು. ಇದೇ ಲೆಕ್ಕದ ಮೇಲೆ ಪುಸ್ತಕದ ‘ಜೀವಿಸಂದಣಿ’ ಪಾಠ ನಿಂತಿದೆ.

ಗಿಡ ಒತ್ತಿ ಇಡುವ ಹವ್ಯಾಸದವರು ಈಗ ಕಡಿಮೆ. ನಮ್ಮ ಒಣ ಹವೆ ಅದಕ್ಕೆ ಹೇಳಿ ಮಾಡಿಸಿದ್ದು. ಉತ್ತರಾಣಿ, ತುಂಬೆ, ತಂಗಡಿಯಂಥವು ದಿನಕ್ಕೊಮ್ಮೆ ಹಳೆಯ ಪತ್ರಿಕೆಯ ಹಾಳೆ ಬದಲಿಸಿದರೆ ನಾಲ್ಕೈದು ದಿನದಲ್ಲಿ ಒಣಗುತ್ತವೆ. ಖಾನಾಪುರದ ಕಡೆ ಮಳೆಗಾಲದಲ್ಲಿ ಇದೇ ಕೆಲಸಕ್ಕೆ ದಿನಕ್ಕೆ ಎರಡು ಸಲ ಬಿಸಿ ಹಾಳೆ ಬೇಕು, ಇಲ್ಲದಿದ್ದರೆ ಬೂಷ್ಟು. ಕಳ್ಳಿಯ ಜಾತಿಯವನ್ನು ಮೊದಲು ಕುದಿಯುವ ನೀರಿನಲ್ಲಿ ಅದ್ದಬೇಕು. ಇಲ್ಲವಾದರೆ ಒತ್ತಿದ ಹಾಳೆಯೊಳಗೇ ಚಿಗುರುತ್ತವೆ. ಹುಳ ಹತ್ತಬಾರದೆಂದು ಹಿಂದೆ ಹಚ್ಚುತ್ತಿದ್ದ ಮರ್ಕ್ಯುರಿಕ್ ಕ್ಲೋರೈಡ್ ಘೋರ ವಿಷ, ಅಂಥ ಹಳೆಯ ಹಾಳೆಗಳನ್ನು ಮಕ್ಕಳ ಕೈಗೆ ಕೊಡಬಾರದು.

ಇಷ್ಟೆಲ್ಲ ಮಾಡಿದ ಮಾಸ್ತರು ವರ್ಗವಾಗಿ ಹೋದಮೇಲೆ ಬರುವವರಿಗೆ ಸಿಗುವುದು ಕಪಾಟಿನ ತುಂಬ ಮಾದರಿಗಳನ್ನಿಟ್ಟ ಹೆಸರಿಲ್ಲದ ಬಾಟಲಿಗಳು. ಸುಣ್ಣ ಬಳಿಯುವಾಗ ಅವು ಮೊದಲು ಕಸಕ್ಕೆ ಹೋಗುತ್ತವೆ. ಹೊರಗೆ ಅಂಟಿಸಿದ ಚೀಟಿ ಜಿರಲೆಗೆ ತಿಂಡಿ, ಬಾಲ್ ಪೆನ್ನಿನ ಬರಹ ಆಲ್ಕೋಹಾಲು ತಾಗಿದರೆ ಕರಗುತ್ತದೆ. ಬೀಜದ ಕಂಪನಿಯ ಪ್ಲಾಟಿನಲ್ಲಿ ಟ್ಯಾಗು ಕಟ್ಟಿ ಬಂದವರು ಮಾತ್ರ ಗಟ್ಟಿ ಕಾಗದದ ಮೇಲೆ ಪೆನ್ಸಿಲ್‌ನಿಂದ ಹೆಸರು, ಊರು, ತಾರೀಖು, ತಂದವರು ಯಾರು ಎಂದು ಬರೆದು ಆ ಚೀಟಿಯನ್ನು ಬಾಟಲಿಯ ಒಳಗೇ ಮುಳುಗಿಸಿರುತ್ತಾರೆ.